ನಂಬಿಕೆಯಿದ್ದೂ ದೀಕ್ಷಾಸ್ನಾನವಿಲ್ಲದೆ ತೀರಿಕೊಂಡವರ ರಕ್ಷಣೆಯ ಪ್ರಶ್ನೆ

ಧಾರವಾಡದ ಓದುಗ

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಆರಾಧನೆಗೆ ಬಹಳ ವರ್ಷ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ನಿವೃತ್ತ ಶಿಕ್ಷಕರು. ಸುವಾರ್ತೆಗಳನ್ನು ನಮ್ಮಲ್ಲಿ ಅನೇಕರಿಗಿಂತ ಚೆನ್ನಾಗಿ ಬಲ್ಲವರು, ಯೇಸುವೇ ಕರ್ತನೆಂದು ಯಾರ ಮುಂದೆಯೂ ಬಾಯಿಬಿಟ್ಟು ಹೇಳುತ್ತಿದ್ದವರು. ಆದರೆ ಕರ್ತನ ರಾತ್ರಿಭೋಜನದ ಹೊತ್ತಿಗೆ ಅವರು ಕೊನೆಯ ಬೆಂಚಿನಲ್ಲೇ ಕೂತಿರುತ್ತಿದ್ದರು, ಏಕೆಂದರೆ ನಂಬಿದವರನ್ನು ಸಭೆಗೆ ಸೇರಿಸುವ ನೀರಿನ ವಿಧಿಯಾದ ದೀಕ್ಷಾಸ್ನಾನ ಅವರಿಗೆ ಆಗಿರಲಿಲ್ಲ. ಹೆಂಡತಿಯ ಮನೆಯವರ ವಿರೋಧವಿತ್ತು. ಮಗಳ ಮದುವೆಯಾಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಮದುವೆಯಾಯಿತು, ಮೊಮ್ಮಕ್ಕಳಾದರು, ನೋಡುವ ದಿನ ಬರಲಿಲ್ಲ.

ಅವರು ಹೋದ ವಾರ ನಮ್ಮಲ್ಲಿ ಎರಡು ಮಾತು ಕೇಳಿಬಂದವು. ಮಾರ್ಕನ ಸುವಾರ್ತೆಯ 16:16ನ್ನು ತೋರಿಸಿ, ನಂಬಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವನಿಗೇ ರಕ್ಷಣೆ ಎಂದು ಬರೆದಿರುವಾಗ ನಾವು ಸಡಿಲಿಸುವುದಕ್ಕೆ ಯಾರು ಎಂದರು ಒಬ್ಬರು. ಯೇಸುವಿನ ಪಕ್ಕದ ಶಿಲುಬೆಯ ಮೇಲೆ ಸಾಯುವಾಗ ನಂಬಿ ರಕ್ಷಣೆಯ ಮಾತು ಪಡೆದ ಕಳ್ಳನಿಗೆ ಯಾವ ನೀರಿತ್ತು ಎಂದು ಕೇಳಿದರು ಇನ್ನೊಬ್ಬರು. ಇಬ್ಬರೂ ಒಂದೊಂದು ವಚನದಿಂದ ವಿಷಯ ಮುಗಿಸಿದ್ದು ನನಗೆ ಸರಿಯೆನಿಸಲಿಲ್ಲ. ಬೇರೆ ಬೇರೆ ಸಭೆಗಳ ಬಲ್ಲವರು ಇಲ್ಲಿದ್ದೀರಿ. ರಕ್ಷಣೆಯಲ್ಲಿ ನೀರಿನ ದೀಕ್ಷಾಸ್ನಾನದ ಪಾತ್ರವೇನು ಎಂಬುದನ್ನು ವಾಕ್ಯದ ಆಧಾರದ ಮೇಲೂ ಸಭೆಯ ಇತಿಹಾಸದ ಆಧಾರದ ಮೇಲೂ ಸಾವಧಾನವಾಗಿ ಚರ್ಚಿಸೋಣವೇ?

ಕೋಲಾರದ ವಿಶ್ವಾಸಿ

ಸಹೋದರರೇ, ತೀರಿಕೊಂಡವರ ಮೇಲೆ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬದುಕಿರುವವರಿಗೆ ಏನು ಬೋಧಿಸಬೇಕು ಎಂಬಲ್ಲಿ ವಾಕ್ಯ ತೀರಾ ಸ್ಪಷ್ಟವಾಗಿದೆ ಎಂಬುದು ನನ್ನ ನಂಬಿಕೆ.

ಶಿಷ್ಯರ ಮೇಲೆ ಪವಿತ್ರಾತ್ಮನು ಇಳಿದ ಪಂಚಾಶತ್ತಮ ದಿನದಲ್ಲಿ ಜನರು ಅಲಗು ನೆಟ್ಟವರಂತಾಗಿ ನಾವೇನು ಮಾಡಬೇಕು ಎಂದು ಕೇಳಿದಾಗ, ಪೇತ್ರನು ಪಶ್ಚಾತ್ತಾಪವನ್ನೂ ದೀಕ್ಷಾಸ್ನಾನವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಪಾಪಪರಿಹಾರವನ್ನೂ ಪವಿತ್ರಾತ್ಮದಾನವನ್ನೂ ಅವುಗಳ ಫಲವಾಗಿ ಮುಂದಿಟ್ಟನು (ಅಪೊಸ್ತಲರ ಕೃತ್ಯಗಳು, ಅಂದರೆ ಅ.ಕೃ. 2:38). ದಮಸ್ಕದಲ್ಲಿ ಮೂರು ದಿನ ಕಣ್ಣು ಕಾಣದೆ, ಅನ್ನ ನೀರಿಲ್ಲದೆ ಪ್ರಾರ್ಥಿಸುತ್ತಿದ್ದ ಸೌಲನಿಗೆ ಅನನೀಯನು ನಿನ್ನ ಪಾಪಗಳು ಆಗಲೇ ಹೋದವು ಎನ್ನಲಿಲ್ಲ. ತಡಮಾಡದೆ ಎದ್ದು ದೀಕ್ಷಾಸ್ನಾನ ಮಾಡಿಸಿಕೊಂಡು ಪಾಪಗಳನ್ನು ತೊಳೆದುಕೋ ಎಂದನು (22:16). ನೀರಿನಿಂದಲೂ ಆತ್ಮನಿಂದಲೂ ಹುಟ್ಟಬೇಕೆಂದು ಕರ್ತನು ನಿಕೊದೇಮನಿಗೆ ಹೇಳಿದನು. ದೀಕ್ಷಾಸ್ನಾನವು ಈಗ ನಿಮ್ಮನ್ನು ರಕ್ಷಿಸುತ್ತದೆ ಎಂಬ ಅರ್ಥದ ಮಾತು ಪೇತ್ರನ ಮೊದಲ ಪತ್ರಿಕೆಯ 3:21ರಲ್ಲೇ ಇದೆ. ಫಿಲಿಪ್ಪಿಯ ಸೆರೆಮನೆಯ ಯಜಮಾನನು ಬೆಳಗಾಗುವ ತನಕವೂ ಕಾಯಲಿಲ್ಲ. ಐಥಿಯೋಪ್ಯದ ಕಂಚುಕಿಯು ನಡುದಾರಿಯಲ್ಲೇ ರಥ ನಿಲ್ಲಿಸಿದನು. ಬರಿಯ ಸಾಂಕೇತಿಕ ಆಚರಣೆಯಾಗಿದ್ದರೆ ಇಷ್ಟು ಅವಸರ ಏತಕ್ಕೆ?

ಕಳ್ಳನ ವಿಷಯ: ಅವನು ಸತ್ತದ್ದು ಕರ್ತನ ಪುನರುತ್ಥಾನಕ್ಕೆ ಮೊದಲು, ಎಲ್ಲಾ ಜನಾಂಗಗಳಿಗೆ ದೀಕ್ಷಾಸ್ನಾನ ಮಾಡಿಸಿರಿ ಎಂಬ ಆಜ್ಞೆಗೂ ಮೊದಲು. ಆ ಆಜ್ಞೆಯ ನಂತರ ಬದುಕುತ್ತಿರುವ ನಾವು ಅವನನ್ನು ಮಾದರಿಯಾಗಿ ಹಿಡಿಯಲಾಗದು.

ನಮ್ಮ ಸಭೆಯಲ್ಲಿ ಒಬ್ಬರು ನಂಬಿಕೆಯನ್ನು ಅರಿಕೆಮಾಡಿದರೆ ಮುಂದಿನ ಹಬ್ಬಕ್ಕೆಂದು ಕಾಯಿಸುವುದಿಲ್ಲ. ಬೆಳಗಿನ ಜಾವ ಕೆರೆಗೆ ಹೋಗುತ್ತೇವೆ. ಸಭಾಪಾಲಕರು ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಎದೆಯ ಮೇಲೆ ಕಟ್ಟಿದ ಆತನ ಕೈಗಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಕತ್ತಿನ ಹಿಂದೆ ಕೊಟ್ಟು, ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ಹಿಂದಕ್ಕೆ ಬಾಗಿಸಿ ಪೂರ್ತಿ ಮುಳುಗಿಸುತ್ತಾರೆ. ಹೆಂಗಸರ ಸೀರೆಗೆ ಮೊದಲೇ ಪಿನ್ನು ಹಾಕಿರುತ್ತಾರೆ, ದಡದಲ್ಲಿ ಅಕ್ಕಂದಿರು ಟವೆಲು ಹಿಡಿದು ನಿಂತಿರುತ್ತಾರೆ. ಮೇಲೆದ್ದವರ ಬಿಳಿಬಟ್ಟೆ ಕೆರೆಯ ಕೆಸರಿಗೆ ಕಂದಾಗಿರುತ್ತದೆ. ಹೂಳಲ್ಪಟ್ಟು ಎದ್ದೆವು ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಹೇಳುವುದನ್ನು ಅಲ್ಲಿ ಕಣ್ಣಾರೆ ಕಾಣುತ್ತೇವೆ.

ಬೆರೋಯದವನು

ಕೋಲಾರದ ಸಹೋದರರು ಎತ್ತಿದ ವಚನಗಳನ್ನು ಯಾರೂ ತಳ್ಳಿಹಾಕುವಂತಿಲ್ಲ. ನಾನೂ ಮುಳುಗಿಸುವ ಸಭೆಯವನೇ. ಆದರೂ ಅವರ ತೀರ್ಮಾನ ಆ ವಚನಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ.

ಮೊದಲಿಗೆ ಮಾರ್ಕ 16:16. ಆ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸೀನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಇಲ್ಲ. ಅದಕ್ಕಾಗಿ ಆ ಭಾಗವನ್ನು ಬಿಸಾಡಬೇಕೆಂದು ನಾನು ಹೇಳುವುದಿಲ್ಲ. ಒಬ್ಬ ಮನುಷ್ಯನ ನಿತ್ಯತ್ವದ ತೀರ್ಪನ್ನು ಅದೊಂದರ ಮೇಲೆಯೇ ಕಟ್ಟಬಾರದು ಎನ್ನುತ್ತೇನೆ. ಇನ್ನು ಆ ವಚನದ ಎರಡನೆಯ ಅರ್ಧವನ್ನು ಗಮನಿಸಿ. ದಂಡನೆಗೆ ಗುರಿಯಾಗುವವನು ನಂಬದೆಹೋಗುವವನು. ನಂಬದೆ, ದೀಕ್ಷಾಸ್ನಾನ ಮಾಡಿಸಿಕೊಳ್ಳದೆ ಹೋಗುವವನು ಎಂದು ಅಲ್ಲಿಲ್ಲ. ಇದು ಇಂದಿನವರ ಜಾಣತನವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕ್ಲೇರ್ವೋದ ಬರ್ನಾರ್ಡನು ಇದೇ ಪ್ರಶ್ನೆಗೆ ಪತ್ರ ಬರೆದಾಗ ಇದೇ ಮೌನವನ್ನು ಎತ್ತಿ ತೋರಿಸಿದ್ದನು.

ಎರಡನೆಯದಾಗಿ ರೋಮನ್ ಶತಾಧಿಪತಿ ಕೊರ್ನೇಲ್ಯ. ಕೈಸರೈಯದ ಆ ಮನೆಯಲ್ಲಿ ಪೇತ್ರನ ಪ್ರಸಂಗ ಇನ್ನೂ ಮುಗಿದಿರಲಿಲ್ಲ, ಕೇಳುತ್ತಿದ್ದವರೆಲ್ಲರ ಮೇಲೆ ಪವಿತ್ರಾತ್ಮನು ಇಳಿದನು. ನೀರು ಬಂದದ್ದು ಆಮೇಲೆ. ಇವರಿಗೆ ದೀಕ್ಷಾಸ್ನಾನ ಬೇಡವೆನ್ನಲು ಯಾರಿಂದಾದೀತು ಎಂದು ಪೇತ್ರನು ಕೇಳುವುದೇ ಅವರು ಆಗಲೇ ದೇವರಿಂದ ಅಂಗೀಕೃತರಾಗಿದ್ದಾರೆ ಎಂಬ ಕಾರಣಕ್ಕೆ. ಸಮಾರ್ಯದಲ್ಲಿ ಇದು ತಿರುಗುಮುರುಗು: ನೀರು ಮೊದಲು, ಆತ್ಮನು ನಂತರ. ಅದೇ ಊರಿನ ಮಂತ್ರವಾದಿ ಸೀಮೋನನು ದೀಕ್ಷಾಸ್ನಾನ ಮಾಡಿಸಿಕೊಂಡವನೇ, ಆದರೂ ನಿನ್ನ ಹೃದಯ ದೇವರ ಮುಂದೆ ಸರಿಯಿಲ್ಲವೆಂದು ಪೇತ್ರನಿಂದ ಕೇಳಬೇಕಾಯಿತು. ಅಪೊಸ್ತಲರ ಕೃತ್ಯಗಳಲ್ಲಿ ಒಂದೇ ಕ್ರಮವನ್ನು ಹುಡುಕುವವನಿಗೆ ಆ ಪುಸ್ತಕವೇ ಒಪ್ಪುವುದಿಲ್ಲ.

ಮೂರನೆಯದಾಗಿ ಪೌಲ. ಅಬ್ರಹಾಮನು ನೀತಿವಂತನೆಂದು ಎಣಿಸಲ್ಪಟ್ಟದ್ದು ಸುನ್ನತಿಗೆ ಮೊದಲು; ಸುನ್ನತಿಯು ಅದಾಗಲೇ ಇದ್ದ ನೀತಿಗೆ ಒತ್ತಿದ ಮುದ್ರೆ ಎಂಬುದು ರೋಮಾಪುರದವರ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ವಾದ. ಕೊರಿಂಥದಲ್ಲಿ ತಾನು ಕ್ರಿಸ್ಪನಿಗೆ, ಗಾಯನಿಗೆ, ಸ್ತೆಫನನ ಮನೆಯವರಿಗೆ ಮಾತ್ರ ದೀಕ್ಷಾಸ್ನಾನ ಮಾಡಿಸಿದೆನೆಂದು ನೆನಪಿಸಿಕೊಂಡು, ಕ್ರಿಸ್ತನು ತನ್ನನ್ನು ಕಳುಹಿಸಿದ್ದು ಸುವಾರ್ತೆ ಸಾರುವುದಕ್ಕೆ ಎನ್ನುತ್ತಾನೆ. ನೀರೇ ರಕ್ಷಣೆಯ ಬಾಗಿಲಾಗಿದ್ದರೆ ಅಪೊಸ್ತಲನೊಬ್ಬನು ಹೀಗೆ ಬರೆಯುತ್ತಿದ್ದನೇ? ಕೃಪೆಯಿಂದಲೇ, ನಂಬಿಕೆಯ ಮೂಲಕ ರಕ್ಷಣೆಯಾಯಿತೆಂದು ಎಫೆಸದವರಿಗೆ ಬರೆದವನೂ ಅವನೇ.

1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಶಿಶುದೀಕ್ಷೆಯನ್ನು ಒಪ್ಪುವವರ ದಾಖಲೆ. ಆ ಒಂದು ವಿಷಯದಲ್ಲಿ ನಾನು ಅವರೊಂದಿಗಿಲ್ಲ. ಆದರೆ ಅದರ 28ನೆಯ ಅಧ್ಯಾಯ ಎರಡೂ ಕಡೆಗೆ ಬೇಲಿ ಹಾಕಿದ ರೀತಿ ನನಗೆ ಒಪ್ಪಿಗೆ: ಈ ವಿಧಿಯನ್ನು ತಿರಸ್ಕರಿಸುವುದು, ಅಲಕ್ಷಿಸುವುದು ದೊಡ್ಡ ಪಾಪ, ಆದರೂ ಅದಿಲ್ಲದೆ ಯಾರೂ ರಕ್ಷಣೆ ಹೊಂದಲಾರರೆಂದಾಗಲಿ, ಅದು ಆದವರೆಲ್ಲರೂ ಹೊಸದಾಗಿ ಹುಟ್ಟಿದವರೆಂದಾಗಲಿ ಹೇಳಲಾಗದು.

ಕರಾವಳಿಯ ನರ್ಸ್

ನಾನು ಕಥೋಲಿಕ ಸಭೆಯವಳು, ದೇವಶಾಸ್ತ್ರ ಓದಿದವಳಲ್ಲ. ಆದರೆ ಈ ಪ್ರಶ್ನೆ ನನಗೆ ಪುಸ್ತಕದಲ್ಲಿ ಎದುರಾದದ್ದಲ್ಲ, ನವಜಾತ ಶಿಶುಗಳ ವಾರ್ಡಿನಲ್ಲಿ ಎದುರಾದದ್ದು. ಆದ್ದರಿಂದ ಬರೆಯುತ್ತಿದ್ದೇನೆ.

ಪ್ರಾಣಾಪಾಯವಿರುವಾಗ ಜ್ಞಾನಸ್ನಾನವನ್ನು (ನೀವು ದೀಕ್ಷಾಸ್ನಾನ ಎನ್ನುವುದನ್ನೇ ನಾವು ಹೀಗೆ ಕರೆಯುತ್ತೇವೆ) ಯಾರು ಬೇಕಾದರೂ ಕೊಡಬಹುದು ಎಂದು ನಮ್ಮ ಸಭೆ ಬೋಧಿಸುತ್ತದೆ. ಗುರುಗಳೇ ಬೇಕೆಂದಿಲ್ಲ, ಕೊಡುವವರು ಸ್ವತಃ ಜ್ಞಾನಸ್ನಾನ ಪಡೆದವರಾಗಿರಬೇಕೆಂದೂ ಇಲ್ಲ. ಸಭೆ ಮಾಡುವುದನ್ನು ಮಾಡುವ ಮನಸ್ಸಿರಬೇಕು, ನೀರಿರಬೇಕು, ಪಿತನ, ಪುತ್ರನ ಮತ್ತು ಪವಿತ್ರಾತ್ಮನ ಹೆಸರಿನ ಮಾತುಗಳಿರಬೇಕು. ಏಳನೆಯ ತಿಂಗಳಿಗೇ ಹುಟ್ಟಿದ ಕೂಸೊಂದರ ತಾಯಿ ರಾತ್ರಿಪಾಳಿಯಲ್ಲಿ ನನ್ನ ಕೈ ಹಿಡಿದು ಕೇಳಿಕೊಂಡಾಗ ಚೆಂಬಿನಿಂದ ಹೊಯ್ಯುವಂತಿರಲಿಲ್ಲ. ಅಷ್ಟು ಸಣ್ಣ ಮೈಗೆ ತಣ್ಣೀರು ತಾಗಿದರೂ ಆಪತ್ತು. ಸಿರಿಂಜಿನಲ್ಲಿ ಬಟ್ಟಿ ಇಳಿಸಿದ ನೀರನ್ನು ತೆಗೆದುಕೊಂಡು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿ, ಇನ್‌ಕ್ಯುಬೇಟರಿನ ಕಿಂಡಿಯಿಂದ ಕೈ ಹಾಕಿ, ಹಣೆಯ ಮೇಲೆ ಮೂರು ಸಲ ಬಿಟ್ಟೆ. ಬರಿಯ ಒದ್ದೆ ಮಾಡಿದರೆ ಸಾಲದು, ನೀರು ಚರ್ಮದ ಮೇಲೆ ಹರಿಯಬೇಕು ಎಂದು ನಮಗೆ ಕಲಿಸಿದ್ದರು; ಹಾಗಾಗಿ ಅದು ಕಿವಿಯ ಕಡೆಗೆ ಇಳಿಯುವುದನ್ನು ನೋಡಿ ನಿಶ್ಚಯಮಾಡಿಕೊಂಡೆ. ಬೆಳಿಗ್ಗೆ ಧರ್ಮಕೇಂದ್ರಕ್ಕೆ ತಿಳಿಸಿದೆವು, ಗುರುಗಳು ದಾಖಲೆಪುಸ್ತಕದಲ್ಲಿ ಬರೆದುಕೊಂಡರು.

ಆ ತಾಯಿ ಕೇಳುವುದಕ್ಕೆ ಮೊದಲೇ ತೀರಿಕೊಳ್ಳುವ ಕೂಸುಗಳೂ ಇವೆ. ಅವುಗಳ ಗತಿಯೇನು? 1547ರಲ್ಲಿ ನಮ್ಮ ಧರ್ಮಾಧ್ಯಕ್ಷರು ಸೇರಿದ್ದ ಟ್ರೆಂಟ್ ಮಹಾಸಭೆ ಜ್ಞಾನಸ್ನಾನ ಬೇಕಾದರೆ ಮಾಡಿಕೊಳ್ಳುವ, ಬೇಡವಾದರೆ ಬಿಡುವ ವಿಷಯವಲ್ಲ, ರಕ್ಷಣೆಗೆ ಅವಶ್ಯ ಎಂದು ಖಂಡಿತವಾಗಿ ಹೇಳಿತು. ಅದೇ ಮಹಾಸಭೆ ನೀತೀಕರಣದ, ಅಂದರೆ ಮನುಷ್ಯನು ದೇವರ ಮುಂದೆ ನೀತಿವಂತನಾಗುವುದರ ಬೋಧನೆಯಲ್ಲಿ ಜ್ಞಾನಸ್ನಾನ ಅಥವಾ ಅದರ ಬಯಕೆ ಎಂಬ ಮಾತನ್ನೂ ಇಟ್ಟಿತು. ಈ ಬಯಕೆಯ ಮಾತು ಟ್ರೆಂಟಿನಲ್ಲಿ ಹುಟ್ಟಿದ್ದಲ್ಲ. 392ರಲ್ಲಿ ಎರಡನೆಯ ವ್ಯಾಲೆಂಟಿನಿಯನ್ ಚಕ್ರವರ್ತಿ, ಇನ್ನೂ ಇಪ್ಪತ್ತೊಂದರ ತರುಣ, ಗೌಲ್ ದೇಶದ ವಿಯೆನ್ ಪಟ್ಟಣದಲ್ಲಿ ಶವವಾಗಿ ಸಿಕ್ಕನು. ತನಗೆ ಜ್ಞಾನಸ್ನಾನ ಕೊಡಲು ಬರಬೇಕೆಂದು ಅವನು ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸರಿಗೆ ಹೇಳಿಕಳುಹಿಸಿದ್ದನು, ಅವರು ಮುಟ್ಟುವ ಮೊದಲೇ ಎಲ್ಲವೂ ಮುಗಿದಿತ್ತು. ಅವನ ಅಕ್ಕತಂಗಿಯರ ಮುಂದೆ ಮಾಡಿದ ಚರಮಭಾಷಣದಲ್ಲಿ ಅಂಬ್ರೋಸರು, ರಕ್ತಸಾಕ್ಷಿಗಳು ತಮ್ಮ ರಕ್ತದಿಂದಲೇ ತೊಳೆಯಲ್ಪಡುವುದಾದರೆ ಇವನನ್ನು ಇವನ ಭಕ್ತಿಯೂ ಬಯಕೆಯೂ ತೊಳೆದಿವೆ ಎಂದು ವಾದಿಸಿದರು. ಧಾರವಾಡದ ಆ ಶಿಕ್ಷಕರ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಕೂಸುಗಳಿಗೆ ಬಯಕೆಯಾದರೂ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನಮ್ಮ ಸಭೆ ಅದನ್ನು ಬಹಳ ಶತಮಾನ ಯೋಚಿಸಿದೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಪ್ರಕಟಿಸಿದ ದಾಖಲೆಯಲ್ಲಿ, ಜ್ಞಾನಸ್ನಾನವಿಲ್ಲದೆ ಸಾಯುವ ಶಿಶುಗಳಿಗೆ ರಕ್ಷಣೆಯಿದೆ ಎಂದು ನಿರೀಕ್ಷಿಸಲು ಗಟ್ಟಿಯಾದ ಕಾರಣಗಳಿವೆ ಎಂದಿದೆ. ಖಚಿತ ಜ್ಞಾನ ಎನ್ನಲಿಲ್ಲ, ನಿರೀಕ್ಷೆ ಎಂದಿತು. ದೇವರು ರಕ್ಷಣೆಯನ್ನು ಈ ಸಂಸ್ಕಾರಕ್ಕೆ ಕಟ್ಟಿದ್ದಾನೆ, ಆದರೆ ತಾನು ಮಾತ್ರ ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಎಂಬುದು ನಮ್ಮ ಧರ್ಮೋಪದೇಶ ಗ್ರಂಥದ 1257ನೆಯ ಪರಿಚ್ಛೇದದ ಸಾರ. ಅದನ್ನು ನೆಚ್ಚಿಕೊಂಡೇ ನಾನು ಆ ವಾರ್ಡಿಗೆ ಹೋಗಿಬರುತ್ತೇನೆ.

ಕೋಲಾರದ ವಿಶ್ವಾಸಿ

ಸಹೋದರಿಯವರ ಬರಹವನ್ನು ಎರಡು ಸಲ ಓದಿದೆ. ಅವರ ಕರುಣೆಗೆ ತಲೆಬಾಗುತ್ತೇನೆ. ಆದರೆ ಪಶ್ಚಾತ್ತಾಪಪಡಲಾರದ, ನಂಬಿಕೆಯನ್ನು ಅರಿಕೆಮಾಡಲಾರದ ಕೂಸಿಗೆ ಹಾಕಿದ ನೀರನ್ನು ಪೇತ್ರನು ಹೇಳಿದ ದೀಕ್ಷಾಸ್ನಾನವೆಂದು ನಾನು ಒಪ್ಪಲಾರೆ. ಕ್ರಿ.ಶ. 200ರ ಹೊತ್ತಿಗೆ ಉತ್ತರ ಆಫ್ರಿಕದ ತೆರ್ತುಲ್ಲಿಯನನು, ಮಕ್ಕಳು ಬೆಳೆಯಲಿ, ಕ್ರಿಸ್ತನನ್ನು ಅರಿಯಬಲ್ಲವರಾದ ಮೇಲೆ ಕ್ರೈಸ್ತರಾಗಲಿ ಎಂದು ಸಲಹೆ ಕೊಟ್ಟಿದ್ದಾನೆ. 1525ರ ಜನವರಿ 21ರಂದು ಜ್ಯೂರಿಕ್ಕಿನಲ್ಲಿ ಕೊನ್ರಾಡ್ ಗ್ರೇಬೆಲ್ ಎಂಬವರು ಜಾರ್ಜ್ ಬ್ಲಾವ್‌ರಾಕ್‌ರಿಗೆ ದೀಕ್ಷಾಸ್ನಾನ ಮಾಡಿಸಿದರು. ಶಿಶುಗಳಾಗಿ ಪಡೆದದ್ದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಗುಂಪಿನ ಫೆಲಿಕ್ಸ್ ಮಾಂಜ್‌ರನ್ನು ಎರಡು ವರ್ಷಗಳ ನಂತರ ಅದೇ ಊರಿನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಪೋಪರ ಕಡೆಯವರಲ್ಲ, ಸುಧಾರಿತ ಸಭೆಯ ನಗರಸಭೆಯವರು.

ಬೆರೋಯದ ಸಹೋದರರಿಗೆ ಒಂದು ಮಾತು. ಮಾರ್ಕನ ಕೊನೆಯ ಭಾಗವನ್ನು ಎರಡನೆಯ ಶತಮಾನದ ಐರೇನಿಯಸನು ಉಲ್ಲೇಖಿಸಿದ್ದಾನೆ. ಅದು ನೀವು ಹೇಳಿದ ಹಸ್ತಪ್ರತಿಗಳಿಗಿಂತ ಹಿಂದಿನ ಸಾಕ್ಷ್ಯ. ಕೊರ್ನೇಲ್ಯನಿಗೆ ಆತ್ಮದಾನವಾದ ಮೇಲೂ ಪೇತ್ರನು ನೀರನ್ನು ಬಿಟ್ಟುಬಿಡಲಿಲ್ಲ ಎಂಬುದನ್ನೂ ಗಮನಿಸಬೇಕು. ಅಪ್ಪಣೆ ಕೊಟ್ಟು ಮಾಡಿಸಿದನು.

ಧಾರವಾಡದ ಓದುಗ

ಇಷ್ಟು ಗಂಭೀರವಾಗಿ ಬರೆದ ಎಲ್ಲರಿಗೂ ನಾನು ಋಣಿ. ಈ ನಡುವೆ ನಾನು ಓದಿಕೊಂಡದ್ದರಲ್ಲಿ ನನ್ನ ಮನಸ್ಸನ್ನು ಬಹಳ ಹಿಡಿದದ್ದು ಮೊದಲ ನಾಲ್ಕು ಶತಮಾನಗಳ ನಡವಳಿಕೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಪೊಸ್ತಲರ ಉಪದೇಶವೆಂದು ಹೆಸರಾದ ದಿದಖೆ ಎಂಬ ಬಹು ಹಳೆಯ ಕಿರುಹೊತ್ತಗೆ 1873ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸಿಕ್ಕಿತು. ಅದರ ಏಳನೆಯ ಅಧ್ಯಾಯ ಹರಿಯುವ ನೀರಿನಲ್ಲಿ ದೀಕ್ಷಾಸ್ನಾನ ಮಾಡಿಸಿರಿ ಎನ್ನುತ್ತದೆ. ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಎರಡೂ ಸಾಕಷ್ಟಿಲ್ಲದಿದ್ದರೆ ತ್ರಿಯೇಕ ನಾಮದಲ್ಲಿ, ಅಂದರೆ ಪಿತ, ಪುತ್ರ, ಪವಿತ್ರಾತ್ಮರ ಹೆಸರಿನಲ್ಲಿ, ತಲೆಯ ಮೇಲೆ ಮೂರು ಸಲ ಹೊಯ್ಯಿರಿ. ಮಾಡಿಸುವವನೂ ಮಾಡಿಸಿಕೊಳ್ಳುವವನೂ ಮುಂಚೆ ಉಪವಾಸವಿರಬೇಕು. ಅಷ್ಟು ಹಿಂದೆಯೇ ಸಭೆಯು ನೀರನ್ನು ಬಿಡಲಿಲ್ಲ, ನೀರಿನ ಪ್ರಮಾಣಕ್ಕೆ ಜೋತುಬೀಳಲೂ ಇಲ್ಲ. ಕೆರೆಯೋ ಸಿರಿಂಜೋ ಎಂಬ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಇನ್ನೊಂದು ವಿಷಯ ನನ್ನನ್ನು ಬೆರಗುಗೊಳಿಸಿತು. ದೀಕ್ಷಾಸ್ನಾನ ಪಾಪಗಳನ್ನು ನಿಜವಾಗಿ ತೊಳೆಯುತ್ತದೆ ಎಂದು ದೃಢವಾಗಿ ನಂಬಿದ ಕಾಲದಲ್ಲೇ ಜನರು ಅದನ್ನು ಮುಂದೂಡುತ್ತಿದ್ದರು. ಒಂದೇ ಸಲ ಸಿಗುವ ಈ ತೊಳೆತವನ್ನು ಬೇಗ ಬಳಸಿಬಿಟ್ಟು ಆಮೇಲೆ ಪಾಪ ಮಾಡಿದರೆ ಏನು ಗತಿ ಎಂಬ ಭಯ. ಕಾನ್‌ಸ್ಟಂಟೈನ್ ಚಕ್ರವರ್ತಿ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ, ನಿಕೊಮೇದ್ಯದ ಯೂಸೇಬಿಯಸನಿಂದ. ಆಗಸ್ಟಿನರು ಹುಡುಗನಾಗಿದ್ದಾಗ ಕಾಯಿಲೆ ಉಲ್ಬಣಿಸಿ ದೀಕ್ಷಾಸ್ನಾನಕ್ಕೆ ಸಿದ್ಧತೆ ನಡೆದಿತ್ತು. ಗುಣವಾದೊಡನೆ ತಾಯಿ ಅದನ್ನು ಮುಂದಕ್ಕೆ ಹಾಕಿದಳು. ಅದಾದದ್ದು 387ರ ಈಸ್ಟರ್ ಜಾಗರಣೆಯಲ್ಲಿ, ಮಿಲಾನಿನಲ್ಲಿ, ಮಗ ಅದೆಯೋದಾತುಸನ ಜೊತೆಗೆ, ಅದೇ ಅಂಬ್ರೋಸರ ಕೈಯಿಂದ. ಹೀಗೆ ಮುಂದೂಡಿದವರನ್ನು ಸಭೆ ಗದರಿಸಿತು, ಅವಸರಪಡಿಸಿತು, ಆದರೆ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವ ದೀಕ್ಷಾರ್ಥಿಗಳ ಸಾಲಿನಿಂದ ಹೊರಗೆ ದೂಡಲಿಲ್ಲ. ನಮ್ಮ ಶಿಕ್ಷಕರಿಗೆ ನಾವು ಒಂದು ಹೆಸರಾದರೂ ಕೊಟ್ಟಿದ್ದೆವೇ? ಅವರು ಕೊನೆಯ ಬೆಂಚಿನವರಾಗಿದ್ದರು, ಅಷ್ಟೇ.

ಶಿಶುಗಳ ವಿಷಯದಲ್ಲಿ ನಾನು ಕೋಲಾರದ ಸಹೋದರರೊಂದಿಗಿಲ್ಲ. ತೆರ್ತುಲ್ಲಿಯನನು ಬೇಡವೆಂದು ಸಲಹೆ ಕೊಡಬೇಕಾಯಿತೆಂದರೆ ಆ ರೂಢಿ ಆಗಲೇ ಇತ್ತು ಎಂದಾಯಿತು. ಅರ್ಧ ಶತಮಾನದ ನಂತರ ಅದೇ ಉತ್ತರ ಆಫ್ರಿಕದ ಕಾರ್ತೇಜಿನ ಸಿಪ್ರಿಯನರೂ ಅವರ ಜೊತೆಯ ಧರ್ಮಾಧ್ಯಕ್ಷರೂ ಕೂಸಿಗೆ ಎಂಟು ದಿನ ತುಂಬುವ ತನಕವೂ ಕಾಯಬೇಕಿಲ್ಲ ಎಂದು ಬರೆದರು. ಲುದ್ಯಳ ಮನೆಯವರು, ಸೆರೆಮನೆಯ ಯಜಮಾನನ ಮನೆಯವರು ಎಂದಾಗ ಅಲ್ಲಿ ಮಕ್ಕಳಿದ್ದರೋ ಇಲ್ಲವೋ ಎಂದು ವಾಕ್ಯ ಹೇಳದಿದ್ದರೂ, ಸುನ್ನತಿಯನ್ನೂ ದೀಕ್ಷಾಸ್ನಾನವನ್ನೂ ಕೊಲೊಸ್ಸೆಯ ಪತ್ರಿಕೆ ಒಟ್ಟಿಗೆ ಇಟ್ಟಿರುವುದು ನನಗೆ ಸಾಕು. ಎಂಟು ದಿನದ ಇಸಾಕನು ಯಾವ ಅರಿಕೆ ಮಾಡಿದನು? ಕೃಪೆಯು ನಮ್ಮ ಉತ್ತರಕ್ಕೆ ಮೊದಲು ಬರುತ್ತದೆ ಎಂಬುದನ್ನು ಶಿಶುದೀಕ್ಷೆಯಷ್ಟು ಸ್ಪಷ್ಟವಾಗಿ ಯಾವುದೂ ತೋರಿಸುವುದಿಲ್ಲ. ಆ ಕೃಪೆಗೆ ಮುಂದೆ ನಂಬಿಕೆಯ ಉತ್ತರ ಬರಲೇಬೇಕು, ನಿಜ, ಅದಕ್ಕಾಗಿಯೇ ಬೆಳೆದ ಮೇಲೆ ತಾವೇ ನಂಬಿಕೆಯನ್ನು ಅರಿಕೆಮಾಡುವ ದೃಢೀಕರಣವಿದೆ.

ಇದು ನನಗೆ ಬರಿಯ ಓದಿನ ವಿಷಯವಲ್ಲ. ನನ್ನ ಮಗ ಬೆಂಗಳೂರಿನಲ್ಲಿ ಸೇರಿದ ಒಂದು ಸಭೆಯವರು, ನೀನು ಕೂಸಾಗಿ ಪಡೆದದ್ದು ಏನೂ ಅಲ್ಲ, ಮತ್ತೆ ಮುಳುಗದಿದ್ದರೆ ನಿನ್ನ ರಕ್ಷಣೆ ಸಂಶಯ ಎಂದು ಅವನಿಗೆ ಹೇಳಿದರು. ಅವನು ನಿದ್ದೆಗೆಟ್ಟು ನನಗೆ ಫೋನ್ ಮಾಡಿದ. ಒಂದು ಸಲ ತ್ರಿಯೇಕ ನಾಮದಲ್ಲಿ ಆದದ್ದನ್ನು ಮತ್ತೆ ಮಾಡುವುದೆಂದರೆ ದೇವರು ಮೊದಲ ಸಲ ಸುಳ್ಳಾಡಿದನೆಂದಂತೆ ಎಂದು ನಾನು ಹೇಳಿದೆ. 1982ರಲ್ಲಿ ಲೀಮಾದಲ್ಲಿ ನಾನಾ ಸಭೆಗಳವರು ಸೇರಿ ಸಿದ್ಧಪಡಿಸಿದ ಒಪ್ಪಂದದ ಪಠ್ಯವೂ ದೀಕ್ಷಾಸ್ನಾನ ಪುನರಾವರ್ತಿಸಲಾಗದ ಕ್ರಿಯೆ ಎಂದೇ ಹೇಳಿದೆ. 1947ರ ಸೆಪ್ಟೆಂಬರ್ 27ರಂದು ಒಂದಾದ ನಮ್ಮ ದಕ್ಷಿಣ ಇಂಡಿಯಾ ಸಭೆಯಲ್ಲಿ ಶಿಶುಗಳಿಗೂ ಪ್ರಾಯಸ್ಥರಿಗೂ ದೀಕ್ಷಾಸ್ನಾನವಿದೆ. ಒಬ್ಬನಿಗೆ ಎರಡು ಸಲವಿಲ್ಲ.

ಮೌನಭಕ್ತೆ

ಇಷ್ಟು ದಿನ ಓದುತ್ತಿದ್ದೆ, ಬರೆಯಬೇಕೆಂದಿರಲಿಲ್ಲ. ನೀವೆಲ್ಲರೂ ಯಾರ ಬಗ್ಗೆ ಮಾತಾಡುತ್ತಿದ್ದೀರೋ ಅಂಥವಳು ನಾನು. ಯೇಸುವನ್ನು ನಂಬುತ್ತೇನೆ. ದೀಕ್ಷಾಸ್ನಾನ ಆಗಿಲ್ಲ.

ಧಾರವಾಡದ ಆ ಹಿರಿಯರು ಏಕೆ ಮುಂದೂಡಿದರೆಂದು ಯಾರೂ ಹೆಚ್ಚು ಕೇಳಲಿಲ್ಲ. ನನ್ನ ಕಾರಣವನ್ನು ನಾನು ಹೇಳುತ್ತೇನೆ. ನಾವು ಪರಿಶಿಷ್ಟ ಜಾತಿಯವರು. 1950ರ ರಾಷ್ಟ್ರಪತಿ ಆದೇಶ ಮೊದಲು ಹಿಂದೂಗಳನ್ನು ಮಾತ್ರ, 1956ರ ನಂತರ ಸಿಖ್ಖರನ್ನೂ 1990ರ ನಂತರ ಬೌದ್ಧರನ್ನೂ ಈ ಪಟ್ಟಿಯಲ್ಲಿ ಒಪ್ಪಿತು. ಕ್ರೈಸ್ತರಿಗೆ ಅದರಲ್ಲಿ ಜಾಗವಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೊಡಲಾಗದು ಎಂದಾಗ, ಆಕೆಗೆ ಹುಟ್ಟಿದ ಕೆಲವೇ ವಾರಗಳಲ್ಲಿ ಆಗಿದ್ದ ದೀಕ್ಷಾಸ್ನಾನವನ್ನೂ ಪರಿಗಣಿಸಿತು. ಬಯಕೆಯನ್ನು ನ್ಯಾಯಾಲಯ ಅಳೆಯುವುದಿಲ್ಲ. ದಾಖಲೆಪುಸ್ತಕದ ಸಾಲನ್ನು ಓದುತ್ತದೆ. ನನ್ನ ತಮ್ಮನ ಓದು ಅವನ ಪ್ರಮಾಣಪತ್ರದ ಮೇಲೆ ನಿಂತಿದೆ, ನನ್ನ ಹೆಜ್ಜೆಯಿಂದ ಮನೆಯ ಮೇಲೆ ಯಾವ ವಿಚಾರಣೆ ಬರುವುದೋ ಎಂದು ಅಪ್ಪ ಹೆದರುತ್ತಾರೆ. ಅವರನ್ನು ಕಠಿಣ ಮನಸ್ಸಿನವರೆಂದು ದಯವಿಟ್ಟು ಅಂದುಕೊಳ್ಳಬೇಡಿ.

ಇದು ಹೊಸ ಸಂಕಟವಲ್ಲ. 1844ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಮನೆ, ಜಾತಿ ಎರಡೂ ಕಳೆದುಹೋದವು. ಮರಾಠಿ ಕವಿ ನಾರಾಯಣ ವಾಮನ ತಿಲಕರು 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು, ಪತ್ನಿ ಲಕ್ಷ್ಮೀಬಾಯಿಯವರು ಆ ಹೆಜ್ಜೆಯಿಡಲು ಐದು ವರ್ಷ ಹಿಡಿಯಿತು. ಅದೇ ತಿಲಕರು 1917ರಲ್ಲಿ ದೇವರ ದರ್ಬಾರು ಎಂಬ ಕೂಟವನ್ನು ಆರಂಭಿಸಿದಾಗ ದೀಕ್ಷಾಸ್ನಾನವಾದ ಶಿಷ್ಯರನ್ನೂ ಆಗದ ಶಿಷ್ಯರನ್ನೂ ಒಟ್ಟಿಗೆ ಕೂಡಿಸಲು ಬಯಸಿದರು. ಬೆಲೆ ತೆತ್ತವರೇ ಬೆಲೆ ತೆರಲಾರದವರಿಗೆ ಜಾಗ ಮಾಡಿದ್ದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ದೀಕ್ಷಾಸ್ನಾನ ಬರಿಯ ಚಿಹ್ನೆ ಎಂದು ಯಾರಾದರೂ ಹೇಳಿದರೆ ನನಗೆ ಸಮಾಧಾನವಾಗುವುದಿಲ್ಲ, ನೋವಾಗುತ್ತದೆ. ಬರಿಯ ಚಿಹ್ನೆಗೆ ಇಷ್ಟು ಬೆಲೆಯಿರುವುದಿಲ್ಲ. ಅದಿಲ್ಲದೆ ರಕ್ಷಣೆಯಿಲ್ಲ ಎಂದು ಯಾರಾದರೂ ಹೇಳಿದರೆ, ಹುಟ್ಟಿದ ತಿಂಗಳಲ್ಲೇ ಅಮ್ಮನ ಮಡಿಲಲ್ಲಿ ಅದನ್ನು ಪಡೆದವರು ನನಗೆ ಹಾಗೆ ಹೇಳಬಹುದೇ ಎಂದು ಕೇಳಬೇಕೆನಿಸುತ್ತದೆ.

ಬೆರೋಯದವನು

ಸಹೋದರಿ, ನೀವು ಬರೆದದ್ದಕ್ಕೆ ವಂದನೆಗಳು. ಮನುಷ್ಯರ ಮುಂದೆ ನನ್ನನ್ನು ಒಪ್ಪಿಕೊಳ್ಳುವವನನ್ನು ತಂದೆಯ ಮುಂದೆ ನಾನೂ ಒಪ್ಪಿಕೊಳ್ಳುವೆನೆಂಬ ಕರ್ತನ ಮಾತನ್ನು ಮರೆಮಾಚಿ ನಿಮ್ಮನ್ನು ಸಂತೈಸಿದರೆ ಅದು ಪ್ರೀತಿಯಾಗದು. ಆದರೆ ಅದೇ ಕರ್ತನ ದೇಹವನ್ನು ಶಿಲುಬೆಯಿಂದ ಇಳಿಸಿ ಹೂಣಿಟ್ಟ ಅರಿಮಥಾಯದ ಯೋಸೇಫನನ್ನು ಯೋಹಾನನು ಹೇಗೆ ಪರಿಚಯಿಸುತ್ತಾನೆ ನೋಡಿ: ಯೆಹೂದ್ಯರ ಭಯದಿಂದ ಗುಟ್ಟಾಗಿದ್ದ ಶಿಷ್ಯ. ಭಯವನ್ನೂ ಬರೆದನು, ಶಿಷ್ಯನೆಂದೂ ಬರೆದನು.

ಇನ್ನೊಬ್ಬನು ಅರಾಮ್ಯರ ಸೇನಾಪತಿ ನಾಮಾನ. ಯೊರ್ದನಿನಲ್ಲಿ ಏಳು ಸಲ ಮುಳುಗಿ ಎದ್ದ ಮೇಲೆ, ಯೆಹೋವನಿಗಲ್ಲದೆ ಬೇರೆಯವರಿಗೆ ಬಲಿಯರ್ಪಿಸೆನು ಎಂದು ಹೇಳಿದ ಬಾಯಲ್ಲೇ, ತನ್ನ ಅರಸನು ರಿಮ್ಮೋನನ ಗುಡಿಯಲ್ಲಿ ತನ್ನ ಕೈಯ ಮೇಲೆ ಆತುಕೊಂಡು ಬಾಗುವಾಗ ತಾನೂ ಬಾಗಬೇಕಾಗುತ್ತದೆ, ಅದೊಂದನ್ನು ಕ್ಷಮಿಸಬೇಕು ಎಂದು ಬೇಡಿಕೊಂಡನು. ಎಲೀಷನು ಒಪ್ಪಿದೆ ಎನ್ನಲಿಲ್ಲ, ಒಪ್ಪೆನು ಎನ್ನಲೂ ಇಲ್ಲ. ಸಮಾಧಾನದಿಂದ ಹೋಗು ಎಂದನು. ಅವನು ಹಿಂತಿರುಗಿ ಹೋಗುವ ಮನೆ ಎಂಥದೆಂದು ಪ್ರವಾದಿಗೆ ಗೊತ್ತಿತ್ತು.

ಕೋಲಾರದ ವಿಶ್ವಾಸಿ

ಸಹೋದರಿಯ ಪ್ರಶ್ನೆಗೆ ನಾನು ಉತ್ತರಿಸಲೇಬೇಕು, ಏಕೆಂದರೆ ಇಲ್ಲಿ ಬಿಗಿಯಾಗಿ ಮಾತಾಡಿದವನು ನಾನೇ. ಅ.ಕೃ. 2:38ರ ವಿಷಯದಲ್ಲಿ ನನ್ನ ತಿಳಿವಳಿಕೆ ಈಗಲೂ ಅದೇ. ನಿಮ್ಮ ಬಯಕೆಯನ್ನು ಬಯಕೆಯಾಗಿಯೇ ಇಟ್ಟುಕೊಳ್ಳಿ ಎಂದು ನಾನು ಹೇಳಲಾರೆ. ನೀರಿನ ಕಡೆಗೆ ನಡೆಯಿರಿ ಎಂದೇ ಹೇಳುತ್ತೇನೆ. ಆದರೆ ಆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಅಂದು ದೀಕ್ಷಾಸ್ನಾನವಾದವರು ತಮ್ಮ ಆಸ್ತಿಪಾಸ್ತಿ ಮಾರಿ, ಯಾರಿಗೆ ಏನು ಕೊರತೆಯಿದೆ ಎಂದು ನೋಡಿ ಹಂಚಿಕೊಂಡರು ಎಂದು 44 ಮತ್ತು 45ನೆಯ ವಚನಗಳು ಹೇಳುತ್ತವೆ. ನೀರಿಗಿಳಿಯಲು ಕರೆದವರೇ ನೀರಿನಿಂದ ಎದ್ದವರ ಹೊಟ್ಟೆಬಟ್ಟೆಯ ಹೊಣೆಯನ್ನೂ ಹೊತ್ತರು. ನಾವು 38ನೆಯ ವಚನವನ್ನು ಗೋಡೆಯ ಮೇಲೆ ಬರೆಸಿದ್ದೇವೆ. ಮುಂದಿನವನ್ನು ಎಷ್ಟು ಸಭೆಗಳು ಪಾಲಿಸುತ್ತಿವೆ? ನಿಮ್ಮ ತಮ್ಮನ ಓದಿನ ಖರ್ಚನ್ನು ಹೊರಲು ಸಿದ್ಧವಿಲ್ಲದ ಸಭೆಗೆ ನಿಮ್ಮನ್ನು ಅವಸರಪಡಿಸುವ ಹಕ್ಕಿಲ್ಲ. ಇದನ್ನು ನಮ್ಮ ಹಿರಿಯರ ಕೂಟದಲ್ಲಿ ನಾನೇ ಎತ್ತುತ್ತೇನೆ. ನಿಮ್ಮ ರಕ್ಷಣೆಯ ತೀರ್ಪನ್ನು ನಾನು ಕೊಡುವುದಿಲ್ಲ. ಅದು ನಿಮ್ಮನ್ನು ಕರೆದಾತನ ಕೈಯಲ್ಲಿದೆ.

ಧಾರವಾಡದ ಓದುಗ

ನಾನು ಪ್ರಾರಂಭದಲ್ಲಿ ಹೇಳದೆ ಬಿಟ್ಟ ಒಂದು ಸಂಗತಿಯಿದೆ. ನಮ್ಮ ಶಿಕ್ಷಕರನ್ನು ಅವರ ಮನೆಯವರು ತಮ್ಮ ಪದ್ಧತಿಯಂತೆ ದಹನ ಮಾಡಿದರು. ಅದಕ್ಕೆ ನಮ್ಮದೇನೂ ತಕರಾರಿಲ್ಲ. ಆದರೆ ಸಭೆಯಲ್ಲಿ ಅವರಿಗಾಗಿ ಒಂದು ಸ್ಮರಣಾರಾಧನೆ ನಡೆಸಬಹುದೇ ಎಂದು ಕೇಳಿದಾಗ, ದೀಕ್ಷಾಸ್ನಾನವಿಲ್ಲದವರಿಗೆ ಅದು ಸಲ್ಲದು ಎಂದರು ಕೆಲವರು. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ ದೀಕ್ಷಾಸ್ನಾನವಿಲ್ಲದೆ ಸತ್ತವರಿಗೆ ಶವಸಂಸ್ಕಾರದ ಕ್ರಮವನ್ನು ಬಳಸಬಾರದೆಂಬ ಸೂಚನೆ ನಿಜವಾಗಿಯೂ ಇದೆ. ಮುಂದಿನ ಸಭಾಸಮಿತಿಯಲ್ಲಿ ಈ ವಿಷಯ ಬರಲಿದೆ. ಬೇರೆ ಸಭೆಗಳಲ್ಲಿ ಹೇಗಿದೆ ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಕರಾವಳಿಯ ನರ್ಸ್

ನಮ್ಮ ಗುರುಗಳನ್ನು ಕೇಳಿ ಬರೆಯುತ್ತಿದ್ದೇನೆ. 1983ರ ನಮ್ಮ ಧರ್ಮಸಭೆಯ ಕಾನೂನುಸಂಹಿತೆಯ 1183ನೆಯ ನಿಯಮದಂತೆ, ಅಂತ್ಯಸಂಸ್ಕಾರದ ವಿಷಯದಲ್ಲಿ ದೀಕ್ಷಾರ್ಥಿಗಳನ್ನು ಕ್ರೈಸ್ತವಿಶ್ವಾಸಿಗಳೊಂದಿಗೇ ಎಣಿಸಬೇಕು. ತಂದೆತಾಯಿಗಳು ಜ್ಞಾನಸ್ನಾನ ಕೊಡಿಸಬೇಕೆಂದಿದ್ದು ಅಷ್ಟರೊಳಗೆ ತೀರಿಕೊಂಡ ಮಕ್ಕಳಿಗೂ ಧರ್ಮಾಧ್ಯಕ್ಷರು ಅನುಮತಿ ಕೊಡಬಹುದು. ಜ್ಞಾನಸ್ನಾನ ಅವಶ್ಯವೆಂದು ಅಷ್ಟು ಖಡಾಖಂಡಿತವಾಗಿ ಹೇಳುವ ಸಭೆಯ ಕಾನೂನಿನಲ್ಲೇ ಇದು ಇದೆ ಎಂದು ನಿಮ್ಮ ಸಮಿತಿಯವರಿಗೆ ಹೇಳಿ. ಅವರು ದೀಕ್ಷಾರ್ಥಿಯಾಗಿ ಹೆಸರು ಬರೆಸಿರಲಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ಅವರ ಹೆಸರನ್ನು ಬರೆದುಕೊಳ್ಳಲು ಸಭೆಯಲ್ಲಿ ಅಂಥದೊಂದು ಪುಸ್ತಕವಿತ್ತೇ ಎಂದು ನೀವು ಕೇಳಬಹುದು.

ಮೌನಭಕ್ತೆ

ಆ ಪುಸ್ತಕವನ್ನು ಈಗಲಾದರೂ ತೆರೆಯುವುದಾದರೆ, ಅದರಲ್ಲಿ ಹೆಸರು ಬರೆಸಿದವರಿಗೆ ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ಆ ಹೆಸರು ಸಭೆಯ ಹೊರಗಿನವರ ಕೈಗೆ ಹೋಗದಂತೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಸಮಿತಿಯಲ್ಲಿ ನಿರ್ಧರಿಸಿ, ಸಹೋದರರೇ. ನಿರ್ಧಾರವಾದ ಮೇಲೆ ದಯವಿಟ್ಟು ಇಲ್ಲಿ ಬರೆಯಿರಿ. ನಾನಿರುವುದು ಹುಬ್ಬಳ್ಳಿಯಲ್ಲಿ, ನಿಮ್ಮ ಸಭೆಗೆ ಬಂದುಹೋಗುವುದು ನನಗೆ ದೂರವಲ್ಲ.